ಸವೆದ ಪ್ಲೇಟಿನಲ್ಲಿ ಮೈಸೂರಿಗೆ ಹೊರಟ ನಾಲ್ಕು ಹಾಡುಗಳು



ಕಳೆದ ಸಭೆಯಲ್ಲಿ ಕವಿತೆ ಓದಬೇಕಿದ್ದವರು ಶಾರ್ಜಾ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಬರುವುದು ತಡವಾಯಿತು. ಅಲ್ ಮುರಕ್ಕಬಾತಿನ ಆ ಫ್ಲ್ಯಾಟಿನಲ್ಲಿ ಕಾಫಿ ಮುಗಿದು, ಚಕ್ಕುಲಿ ಡಬ್ಬದ ತಳವೂ ಕಂಡಾಗ, ಹೊತ್ತು ಹೋಗಲೆಂದು ಒಂದು ಹಳೆಯ ಧ್ವನಿಮುದ್ರಣ ಹಾಕಿದೆವು. ಶುರುವಿಗೆ ಬರೀ ಚರಚರ. "ಇದೇನ್ರೀ, ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗಿದೆಯಲ್ಲ!" ಎಂದರು ಒಬ್ಬರು. ಆಮೇಲೆ ಆ ಸದ್ದಿನ ಹಿಂದಿನಿಂದ, ಎಲ್ಲೋ ದೂರದ ಊರಿನಿಂದ ಎಂಬಂತೆ, ಒಂದು ದೊಡ್ಡ ವಾದ್ಯವೃಂದ. ಅದರ ಮೇಲೆ ತೇಲುವ ಒಂದು ಹೆಂಗಸಿನ ದನಿ. ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಮಾತ್ರ ಜಗಳ ಶುರುವಾಯಿತು. "ಇಷ್ಟು ಕೆಟ್ಟ ಸದ್ದಿನಲ್ಲಿ ಸಂಗೀತ ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅಂತ ಹೇಳೋದಾದ್ರೂ ಹೇಗೆ?" ಎಂದು ಒಂದು ಪಕ್ಷ. "ನಮ್ಮ ಹಳೇ ಕಛೇರಿ ಟೇಪುಗಳನ್ನು ಕೇಳಿ ಕಣ್ಣೀರಿಡೋರು ನೀವೇ ಅಲ್ವಾ?" ಎಂದು ಇನ್ನೊಂದು ಪಕ್ಷ. ಕವಿಗಳು ಬೆವರೊರೆಸಿಕೊಂಡು ಬಂದು ಕೂತಾಗಲೂ ಅದು ಮುಗಿದಿರಲಿಲ್ಲ. ಈ ಬರಹ ಆ ಜಗಳದ ಮುಂದುವರಿಕೆ. ಪಾಶ್ಚಾತ್ಯ ಸಂಗೀತವೆಂದರೆ ಮೂಗು ಮುರಿಯುವ ಗೆಳೆಯರೂ ಸ್ವಲ್ಪ ತಾಳ್ಮೆಯಿಂದ ಓದಬೇಕು. ಏಕೆಂದರೆ ಆ ಧ್ವನಿಮುದ್ರಣವನ್ನು ಮಾಡಿಸಿದ್ದೇ ಮೈಸೂರಿಗೆ ಕಳುಹಿಸಲು.

1950ರ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅಂದರೆ 1948ರಲ್ಲಿ, ವಾದ್ಯವೃಂದದ ಜೊತೆಗೆ ಹಾಡಲೆಂದು ನಾಲ್ಕು ಹಾಡುಗಳಿಗೆ ಸಂಗೀತ ಬರೆದಿದ್ದರು. ಮೂರಕ್ಕೆ ಹರ್ಮನ್ ಹೆಸ್ಸೆಯ ಕವಿತೆ, ಒಂದಕ್ಕೆ ಐಖೆನ್‌ಡಾರ್ಫ್ ಎಂಬ ಹಳೆಯ ಕವಿಯ ಕವಿತೆ. (ಹೌದು, 'ಸಿದ್ಧಾರ್ಥ' ಬರೆದ ಅದೇ ಹೆಸ್ಸೆ.) ಇವುಗಳಿಗೆ 'ಕೊನೆಯ ನಾಲ್ಕು ಹಾಡುಗಳು' ಎಂಬ ಹೆಸರಿಟ್ಟದ್ದು ಸ್ಟ್ರಾಸ್ ಅಲ್ಲ, ಅವರ ಪ್ರಕಾಶಕ ಅರ್ನ್ಸ್ಟ್ ರೋತ್. ಇವತ್ತು ಇಡೀ ಜಗತ್ತು ಹಾಡುವ ಈ ನಾಲ್ಕು ಹಾಡುಗಳನ್ನು ಮನುಷ್ಯರು ಮೊದಲ ಸಲ ಕೇಳಿದ್ದು ಆ ದಿನ. ಹಾಡಿದವರು ನಾರ್ವೆಯ ಕರ್ಸ್ಟೆನ್ ಫ್ಲಾಗ್‌ಸ್ಟಾಡ್. ನುಡಿಸಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಕೋಲು ಹಿಡಿದು ನಡೆಸಿದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಇಂಗ್ಲಿಷಿನಲ್ಲಿ ಇವರನ್ನು ಕಂಡಕ್ಟರ್ ಎನ್ನುತ್ತಾರೆ. ನಮ್ಮ ಊರಿನ ಕಂಡಕ್ಟರಿಗೂ ಇವರಿಗೂ ಇರುವ ಹೋಲಿಕೆ ಒಂದೇ, ಸೀಟಿ ಊದದೆ ಗಾಡಿ ಮುಂದೆ ಹೋಗುವುದಿಲ್ಲ!

ಅಷ್ಟು ದೊಡ್ಡ ಮೂವರನ್ನು ಒಂದೇ ವೇದಿಕೆಗೆ ತರಲು 4,800 ಡಾಲರಿನ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಆಗಿನ ದರದಲ್ಲಿ ಅದು ಸುಮಾರು 22,800 ರೂಪಾಯಿ. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಆದ್ದರಿಂದ ಹಾಡುಗಳನ್ನು ಪ್ಲೇಟಿನಲ್ಲಿ ಮುದ್ರಿಸಿ ಮೈಸೂರಿಗೆ ಕಳುಹಿಸಬೇಕು ಎಂಬುದು ಏರ್ಪಾಡು. ಅವರ ಬಳಿ ಆ ಹೊತ್ತಿಗೆ ಸುಮಾರು 20,000 ಪ್ಲೇಟುಗಳಿದ್ದವು ಎಂದು ಅಂದಾಜು. ದಿನಕ್ಕೊಂದರಂತೆ ಕೇಳಿದರೂ ಐವತ್ತನಾಲ್ಕು ವರ್ಷ ಬೇಕು. 1919ರ ಜುಲೈ 18ರಂದು ಹುಟ್ಟಿ 1974ರ ಸೆಪ್ಟೆಂಬರ್ 23ರಂದು ತೀರಿಕೊಂಡ ಅವರು ಬದುಕಿದ್ದೇ ಐವತ್ತೈದು ವರ್ಷ.

ಅವರ ಕಥೆ ಗೊತ್ತಿದ್ದರೆ ಈ ಹುಚ್ಚು ಅರ್ಥವಾಗುತ್ತದೆ. ಪಿಯಾನೋ ಕಲಿತಿದ್ದ ಯುವರಾಜನಿಗೆ ವೇದಿಕೆಯ ಪಿಯಾನೋ ವಾದಕನಾಗುವ ಆಸೆ ಇತ್ತು. 1940ರ ಮಾರ್ಚಿಯಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್, ಅದೇ ವರ್ಷ ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನ ಬಂತು, ಪಿಯಾನೋ ಹೋಯಿತು. ಆದರೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದರು. ಮೈಸೂರು ವಾಸುದೇವಾಚಾರ್ಯರ ಬಳಿ ಕರ್ನಾಟಕ ಸಂಗೀತದಲ್ಲಿ ಪಳಗಿ 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಎರಡು ಸಂಗೀತವನ್ನೂ ಒಳಗಿನಿಂದ ಬಲ್ಲವರು ಆ ಕಾಲದಲ್ಲಿ ನಮ್ಮಲ್ಲಿ ಎಷ್ಟು ಮಂದಿ ಇದ್ದರು? ಬೆರಳಿನಲ್ಲಿ ಎಣಿಸಬಹುದು. ಅರಮನೆಗೆ ಇದೇನೂ ಹೊಸತಲ್ಲ ಅನ್ನಿ. ನಾಲ್ವಡಿಯವರ ಕಾಲದಲ್ಲೇ ಅಲ್ಲಿ ಕರ್ನಾಟಕ ವಾದ್ಯವೃಂದವೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಒಟ್ಟೋ ಶ್ಮಿಟ್ ಎಂಬ ಜರ್ಮನ್ ಆ ಬ್ಯಾಂಡನ್ನು ನಡೆಸುತ್ತಿದ್ದರು. ದಸರೆಯ ಪಂಜಿನ ಕವಾಯತಿನಲ್ಲಿ ಪೊಲೀಸ್ ಬ್ಯಾಂಡು ಕೇಳಿದವರು ಆ ಮನೆತನದ ಮರಿಮಕ್ಕಳನ್ನು ಕೇಳಿದ್ದಾರೆ.

1946ರಲ್ಲಿ ವಾಲ್ಟರ್ ಲೆಗ್ ಎಂಬ ಇಂಗ್ಲಿಷ್ ಧ್ವನಿಮುದ್ರಣ ನಿರ್ಮಾಪಕ ಮಹಾರಾಜರ ಕರೆಯ ಮೇಲೆ ಮೈಸೂರಿಗೆ ಬಂದ. ಹಿಂದಿನ ವರ್ಷ ತಾನೇ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದ ಕಟ್ಟಿದ್ದ, ಕೈಯಲ್ಲಿ ಕಾಸಿರಲಿಲ್ಲ. ಅರಮನೆಯ ಪ್ಲೇಟುಗಳ ರಾಶಿ, ಧ್ವನಿವರ್ಧಕಗಳು, ಪಿಯಾನೋಗಳನ್ನು ನೋಡಿ ಬೆರಗಾದ. ವಾಪಸು ಹೋಗುವಾಗ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವು ಅವನ ಜೇಬಿನಲ್ಲಿತ್ತು. ವರ್ಷಕ್ಕೆ ಸುಮಾರು 1,33,000 ರೂಪಾಯಿ! ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಮೈಸೂರಿನ ಮಹಾರಾಜರು. ಲಂಡನ್ನಿನಲ್ಲಿ ಬಡತನದಲ್ಲಿ ದಿನ ನೂಕುತ್ತಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಡ್ನರ್ ತನ್ನ ಮೂರೂ ಪಿಯಾನೋ ಕಾನ್ಸರ್ಟೋಗಳನ್ನು 1947ರಲ್ಲಿ ಇದೇ ವಾದ್ಯವೃಂದದ ಜೊತೆ ತಾನೇ ನುಡಿಸಿ ಮುದ್ರಿಸಿದ. ಆ ಖರ್ಚೂ ಮೈಸೂರಿನದೇ. ಮೂರನೆಯ ಕಾನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದ್ದಾನೆ. 1949ರಲ್ಲಿ ಹರ್ಬರ್ಟ್ ಫಾನ್ ಕರಾಯನ್ ಅದೇ ವೃಂದದಿಂದ ಬಾಲಕಿರೆವ್‌ನ ಮೊದಲ ಸಿಂಫನಿಯನ್ನೂ ರೂಸೆಲ್‌ನ ನಾಲ್ಕನೆಯ ಸಿಂಫನಿಯನ್ನೂ ಮುದ್ರಿಸಿದ್ದರ ಹಿಂದೆ ಮಹಾರಾಜರ ಕಿವಿಯ ಚಪಲವೂ ಇತ್ತು, ಹಣವೂ ಇತ್ತು. ಮಾರಾಟವಾಗದ ಸಂಗೀತವನ್ನು ಆರಿಸಿ ಆರಿಸಿ ಮಾಡಿಸಿದ್ದಾರೆ.

ಇಲ್ಲಿ ನಾವು ಸುಮ್ಮನೆ ಹೆಮ್ಮೆ ಪಟ್ಟುಕೊಂಡು ಮುಂದೆ ಹೋದರೆ ತಪ್ಪಾಗುತ್ತದೆ. 1947 ಎಂದರೆ ಯಾವ ವರ್ಷ? ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಶುರುವಾಗಿ, ಜವಾಬ್ದಾರಿ ಸರ್ಕಾರ ಬೇಕೆಂದು ಕೇಳಿದವರಿಂದ ಜೈಲುಗಳು ತುಂಬಿದ ವರ್ಷ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬರುವವರೆಗೂ ಆ ಗದ್ದಲ. ನಮ್ಮಲ್ಲೊಬ್ಬರು ಹಿರಿಯರ ತಂದೆ ಆಗ ಶಾಲೆ ಬಿಟ್ಟು ಮೆರವಣಿಗೆಗೆ ಹೋಗಿ ಲಾಠಿ ಏಟು ತಿಂದವರು. "ನಮ್ಮಪ್ಪನ ಬೆನ್ನಿಗೆ ಲಾಠಿ, ರಷ್ಯದವನಿಗೆ ಪಿಯಾನೋ" ಎಂದು ಸಭೆಯಲ್ಲಿ ಅವರು ಹೇಳಿದಾಗ ನಗು ಬಂದರೂ ಯಾರೂ ನಗಲಿಲ್ಲ. ರಾಜನ ಸ್ವಂತ ಖರ್ಚು ಎಲ್ಲಿ ಮುಗಿಯುತ್ತದೆ, ಪ್ರಜೆಯ ಹಣ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಗೆ ಸಂಗೀತ ಉತ್ತರ ಕೊಡುವುದಿಲ್ಲ. ನಮ್ಮ ಲೆಕ್ಕದಲ್ಲಿ ಎರಡೂ ಮಾತು ಒಟ್ಟಿಗೇ ನಿಲ್ಲಬೇಕು: ಆ ಹಣ ನಿಜವಾದ ರಸಿಕತೆಯಿಂದ ಖರ್ಚಾಯಿತು, ಮತ್ತು ಅದನ್ನು ಖರ್ಚು ಮಾಡಬೇಕೇ ಎಂದು ಪ್ರಜೆಗಳನ್ನು ಯಾರೂ ಕೇಳಲಿಲ್ಲ. 1950ರ ಜನವರಿ 26ಕ್ಕೆ ಮಹಾರಾಜರು ರಾಜಪ್ರಮುಖರಾದರು, ವರ್ಷಕ್ಕೆ 26 ಲಕ್ಷದ ರಾಜಧನ ಗೊತ್ತಾಗಿತ್ತು. ಸ್ಟ್ರಾಸ್ ಹಾಡುಗಳ ಕಛೇರಿ ನಡೆದದ್ದು ಅದಾಗಿ ನಾಲ್ಕು ತಿಂಗಳಿಗೆ. ಅಷ್ಟು ದೊಡ್ಡ ಕೈ ಬೀಸಿ ಕೊಡುವ ಕಾಲ ಅಲ್ಲಿಗೆ ಮುಗಿಯುತ್ತಾ ಬಂದಿತ್ತು.

ಇನ್ನು ಆ ಸಂಜೆಯ ವಿಷಯ. ಈ ಕಛೇರಿ ಯಾರಿಗಾಗಿ ನಡೆಯಿತೋ ಅವರಲ್ಲಿ ಯಾರೂ ಅಲ್ಲಿರಲಿಲ್ಲ. ಸ್ಟ್ರಾಸ್ 1949ರ ಸೆಪ್ಟೆಂಬರ್ 8ರಂದು ತೀರಿಕೊಂಡಿದ್ದರು, ಈ ಹಾಡುಗಳನ್ನು ಅವರು ಒಮ್ಮೆಯೂ ಕಿವಿಯಾರೆ ಕೇಳಲಿಲ್ಲ. ಅವರ ಹೆಂಡತಿ ಪೌಲೀನ್ ತಾನೇ ಒಳ್ಳೆಯ ಗಾಯಕಿ. ಕಛೇರಿಗೆ ಒಂಬತ್ತು ದಿನ ಇರುವಾಗ, ಮೇ 13ರಂದು ಅವರೂ ಹೋದರು. ಹಣ ಕೊಟ್ಟ ಮಹಾರಾಜರು ಬರಲಾಗಲಿಲ್ಲ. ಸತ್ತವರಿಗೆ ದಾರಿ ಇರಲಿಲ್ಲ, ಮಹಾರಾಜರಿಗೆ ಪ್ಲೇಟಿನ ದಾರಿ ಇತ್ತು.

ಆ ಪ್ಲೇಟು ಎಂಥದ್ದು ಎಂದು ತಿಳಿಯದೆ ತೀರ್ಪು ಕೊಡುವುದು ಅನ್ಯಾಯ. ಅಂಗಡಿಯಲ್ಲಿ ಮಾರುತ್ತಿದ್ದ ಹಳೆಯ ಅರಗಿನ ಪ್ಲೇಟು ಅಲ್ಲ ಅದು. ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೆದುವಾದ ಮೆರುಗೆಣ್ಣೆಯಂಥ ಲೇಪ. ಕಛೇರಿ ನಡೆಯುತ್ತಿದ್ದಂತೆಯೇ ಸೂಜಿ ಅದರಲ್ಲಿ ಗೆರೆ ಕೊರೆಯುತ್ತದೆ. ಅಸಿಟೇಟ್ ಪ್ಲೇಟು ಎಂದು ಹೆಸರು. ಕೊರೆದ ಕೂಡಲೇ ಕೇಳಬಹುದು ಎಂಬುದು ಅದರ ಲಾಭ. ಕೇಳಿದಷ್ಟೂ ಸವೆಯುತ್ತದೆ ಎಂಬುದು ನಷ್ಟ. ಅಂದಿನ ಗ್ರಾಮಫೋನಿನ ಮುಳ್ಳು ಭಾರ, ಲೇಪ ಮೆತ್ತಗೆ. ಒಂದೊಂದು ಸಲ ಕೇಳಿದಾಗಲೂ ಮೇಲಿನ ಸೂಕ್ಷ್ಮ ಸ್ವರಗಳು ಸ್ವಲ್ಪ ಸ್ವಲ್ಪವಾಗಿ ಉಜ್ಜಿಹೋಗುತ್ತವೆ. ಈ ಹಾಡುಗಳು ಮೊದಲ ಸಲ ಎಲ್‌ಪಿಯಾಗಿ ಹೊರಬರುವ ಹೊತ್ತಿಗೆ ಮೂಲ ಪ್ಲೇಟು ಬಹಳ ಸವೆದಿತ್ತು, ಕೇಳಿದವರು ಹೌಹಾರಿದರು. ಅಂದರೆ ಯಾರೋ ಅದನ್ನು ಮತ್ತೆ ಮತ್ತೆ ಕೇಳಿದ್ದಾರೆ! ಕಪಾಟಿನಲ್ಲಿಟ್ಟು ಪೂಜೆ ಮಾಡಿದ ಪ್ಲೇಟು ಹೀಗೆ ಸವೆಯುವುದಿಲ್ಲ.

ವ್ಯಂಗ್ಯ ನೋಡಿ. 1950ಕ್ಕೆ ಟೇಪು ಹೊಸದೇನಲ್ಲ. ಜರ್ಮನಿಯಲ್ಲಿ 1935ರಲ್ಲೇ ಮ್ಯಾಗ್ನೆಟೋಫೋನ್ ಬಂದಿತ್ತು, 1940ರ ಹೊತ್ತಿಗೆ ಅದರ ಸದ್ದು ಬಹಳ ಶುದ್ಧವಾಗಿತ್ತು. ಇದೇ ಫುರ್ಟ್‌ವೆಂಗ್ಲರ್ ಯುದ್ಧದ ನಡುವೆ ಬರ್ಲಿನ್ನಿನಲ್ಲಿ ನಡೆಸಿದ ಕಛೇರಿಗಳ ರೇಡಿಯೋ ಟೇಪುಗಳು ಈ ಲಂಡನ್ ಪ್ಲೇಟಿಗಿಂತ ಎಷ್ಟೋ ಸ್ಪಷ್ಟ. ಅವನ್ನು 1945ರಲ್ಲಿ ರಷ್ಯನ್ನರು ಮಾಸ್ಕೋಗೆ ಹೊತ್ತೊಯ್ದರು, ವರ್ಷಗಳ ನಂತರ ಅಲ್ಲಿಂದ ಎಲ್‌ಪಿಗಳಾಗಿ ಹೊರಬಂದವು. ಹಿಟ್ಲರನ ಕಾಲದ ಜರ್ಮನಿಯಲ್ಲೇ ಉಳಿದು ನುಡಿಸಿದ ಫುರ್ಟ್‌ವೆಂಗ್ಲರ್, ಅಲ್ಲಿನ ಸರ್ಕಾರಿ ಸಂಗೀತ ಮಂಡಳಿಗೆ 1933ರಿಂದ 1935ರವರೆಗೆ ಅಧ್ಯಕ್ಷರಾಗಿದ್ದ ಸ್ಟ್ರಾಸ್, 1941ರಲ್ಲಿ ಅಮೆರಿಕಾ ಬಿಟ್ಟು ಜರ್ಮನ್ನರು ಆಕ್ರಮಿಸಿದ್ದ ನಾರ್ವೆಗೆ ಗಂಡನ ಬಳಿ ಹೋದ ಫ್ಲಾಗ್‌ಸ್ಟಾಡ್. ಮೂವರ ಮೇಲೂ ಯುದ್ಧಾನಂತರ ಬೆರಳು ತೋರಿಸಿದವರಿದ್ದರು. ಫುರ್ಟ್‌ವೆಂಗ್ಲರ್‌ಗೆ ಷಿಕಾಗೋ ಬಾಗಿಲು 1949ರಲ್ಲಿ ಮುಚ್ಚಿತು. ಇವರನ್ನು ಒಂದೇ ವೇದಿಕೆಗೆ ತರಲು ಹಣ ಬಂದದ್ದು ಸ್ವಾತಂತ್ರ್ಯ ಪಡೆದು ಮೂರು ವರ್ಷವೂ ಆಗದ ಇಂಡಿಯಾದಿಂದ. ಇದನ್ನು ಹೇಗೆ ತೂಗುವುದೆಂದು ನಮ್ಮ ಸಭೆಯಲ್ಲಿ ಎರಡು ಅಭಿಪ್ರಾಯವಿತ್ತು, ಈಗಲೂ ಇದೆ.

ಸರಿ, ಮೂಲ ಜಗಳಕ್ಕೆ ಬರೋಣ. ಕೆಟ್ಟ ಸದ್ದಿನ ಹಿಂದೆ ಏನನ್ನು ಕೇಳಬಹುದು, ಏನನ್ನು ಕೇಳಲಾಗದು?

ಮೊದಲು ಸಭಾಂಗಣ. ಆಲ್ಬರ್ಟ್ ಹಾಲು ದೊಡ್ಡ ಗುಮ್ಮಟದ ಕಟ್ಟಡ, 1871ರದ್ದು. ಅಲ್ಲಿ ಒಂದೇ ಟಿಕೆಟ್ಟಿಗೆ ಸಂಗೀತವನ್ನು ಎರಡು ಸಲ ಕೇಳಬಹುದು ಎಂಬುದು ಲಂಡನ್ನಿನವರ ಹಳೇ ಜೋಕು, ಅಷ್ಟು ಪ್ರತಿಧ್ವನಿ! ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದ ನಮಗೆ ಇದನ್ನು ವಿವರಿಸಬೇಕಿಲ್ಲ. 1969ರಲ್ಲಿ ಮೇಲ್ಛಾವಣಿಗೆ ಅಣಬೆಯಂಥ ತಟ್ಟೆಗಳನ್ನು ತೂಗುಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದದ್ದು. ಇನ್ನು ಫುರ್ಟ್‌ವೆಂಗ್ಲರ್ ಕೋಲು ಬೀಸುವ ರೀತಿ. ಅದು ಖಚಿತವಾಗಿ ಒಂದು ಜಾಗದಲ್ಲಿ ಬೀಳುತ್ತಿರಲಿಲ್ಲ, ನಡುಗುತ್ತಾ ಇಳಿಯುತ್ತಿತ್ತು. ವಾದಕರು ಕೋಲಿಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಆಲಿಸಿ ಶುರುಮಾಡುತ್ತಿದ್ದರು. ಅದರಿಂದಲೇ ಅವರ ವಾದ್ಯವೃಂದದ ನಾದ ನೆಲದಿಂದ ಎದ್ದು ಬಂದಂತೆ ಇರುತ್ತದೆ ಎಂದು ಅಭಿಮಾನಿಗಳು. ಅದರಿಂದಲೇ ಎತ್ತುಗಡೆ ಹರಿದುಹೋಗುತ್ತದೆ ಎಂದು ವಿರೋಧಿಗಳು. ಈಗ ಹೇಳಿ: ನಮ್ಮ ಮುದ್ರಣದಲ್ಲಿ ಒಂದು ಕಡೆ ಪಿಟೀಲುಗಳು ಒಟ್ಟಿಗೆ ಹೊರಡದೆ ಮಸುಕಾದಂತೆ ಕೇಳಿದರೆ, ತಪ್ಪು ಯಾರದು? ಕೋಲಿನದೇ? ಗುಮ್ಮಟದ್ದೇ? ಸವೆದ ಗೆರೆಯದೇ? ಮೂರೂ ಒಂದೇ ರೀತಿ ಕೇಳುತ್ತವೆ. ಇಂಥಲ್ಲಿ "ವಾದ್ಯವೃಂದ ಸರಿಯಿಲ್ಲ" ಎಂದು ತೀರ್ಪು ಕೊಡುವವರು ಪ್ಲೇಟಿನ ತಪ್ಪಿಗೆ ಮನುಷ್ಯರನ್ನು ಶಿಕ್ಷಿಸುತ್ತಿದ್ದಾರೆ. ತಿರುಗಿಸಿಯೂ ಹೇಳಬೇಕು: "ಆಹಾ, ಎಂಥ ನಿಗೂಢ ನಾದ!" ಎನ್ನುವವರು ಪ್ಲೇಟಿನ ಸವೆತಕ್ಕೆ ಫುರ್ಟ್‌ವೆಂಗ್ಲರ್‌ಗೆ ಹಾರ ಹಾಕುತ್ತಿರಬಹುದು. ಈ ಎರಡನೆಯ ತಪ್ಪನ್ನು ನಾವೇ ಹೆಚ್ಚು ಮಾಡುತ್ತೇವೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ನ್ಯೂಯಾರ್ಕಿನ ಎನ್‌ಬಿಸಿಯ 8-ಎಚ್ ಎಂಬ ಸ್ಟುಡಿಯೋದಲ್ಲಿ ಟೊಸ್ಕನೀನಿ ನಡೆಸಿದ ಕಛೇರಿಗಳು. ಆ ಕೋಣೆ ಸದ್ದನ್ನೆಲ್ಲ ಹೀರಿಕೊಳ್ಳುವ ಒಣ ಕೋಣೆ. ಅಲ್ಲಿ ನುಡಿಸಿದ ಬೀಥೋವನ್ ಒಣಮೆಣಸಿನಕಾಯಿ ಕುಟ್ಟಿದಂತೆ ಕೇಳುತ್ತದೆ. ಒಂದು ತಲೆಮಾರಿನ ಕೇಳುಗರು ಆ ಖಾರವನ್ನೆಲ್ಲ ಟೊಸ್ಕನೀನಿಯ ಸ್ವಭಾವಕ್ಕೇ ಹಾಕಿದರು. ಅದರಲ್ಲಿ ಕೋಣೆಯ ಪಾಲೆಷ್ಟೋ!

ಎರಡನೆಯದು ವೇಗ. ಇದು ಬಹಳ ಜನಕ್ಕೆ ಹೊಳೆಯದ ಸಂಗತಿ. ಪ್ಲೇಟು ಕೊರೆಯುವ ಯಂತ್ರದ ವೇಗಕ್ಕೂ ಅದನ್ನು ನುಡಿಸುವ ಯಂತ್ರದ ವೇಗಕ್ಕೂ ನೂರಕ್ಕೆ ಮೂರರಷ್ಟು ವ್ಯತ್ಯಾಸ ಬಂದರೂ ಶ್ರುತಿ ಅರ್ಧ ಸ್ವರಸ್ಥಾನದಷ್ಟು ಮೇಲೇರುತ್ತದೆ, ಹಾಡು ಬೇಗ ಓಡುತ್ತದೆ, ಹಾಡುವವರ ದನಿ ಹರೆಯದ್ದಾಗುತ್ತದೆ. ಫ್ಲಾಗ್‌ಸ್ಟಾಡ್‌ಗೆ ಅಂದು ಐವತ್ತನಾಲ್ಕು ವರ್ಷ. ಆ ದನಿಯ ಬಣ್ಣವೇ ಗಾಢ, ಕಂಚಿನದು. ಪ್ಲೇಟು ಸ್ವಲ್ಪ ವೇಗವಾಗಿ ತಿರುಗಿದರೆ ಅದೇ ದನಿ ತೆಳ್ಳಗಾಗಿ, ಅವಸರದ್ದಾಗಿ ಕೇಳುತ್ತದೆ, ಕೇಳಿದವರು "ಫುರ್ಟ್‌ವೆಂಗ್ಲರ್ ಯಾಕಿಷ್ಟು ಓಡಿಸಿದ?" ಎನ್ನುತ್ತಾರೆ. ಹಳೆಯ ಮುದ್ರಣಗಳನ್ನು ಈಗ ದುರಸ್ತಿ ಮಾಡುವವರು ಇದಕ್ಕೆ ಒಂದು ಚಂದದ ಉಪಾಯ ಹಿಡಿದಿದ್ದಾರೆ. ಇಂಗ್ಲೆಂಡಿನ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಆ 'ಹುಂ' ಎಂಬ ಗುಂಯ್‌ಗುಟ್ಟುವಿಕೆ ಮೈಕಿನ ತಂತಿಯಲ್ಲಿ ನುಸುಳಿ ಮುದ್ರಣದ ತಳದಲ್ಲಿ ಕೂತಿರುತ್ತದೆ. ಅದು ಐವತ್ತಕ್ಕೆ ಸರಿಯಾಗಿ ಬರುವಂತೆ ವೇಗ ತಿದ್ದಿದರೆ ಹಾಡೂ ಸರಿಯಾದ ಶ್ರುತಿಗೆ ಕೂರುತ್ತದೆ. ಅಂದು ಶನಿಯೆಂದು ಬೈಸಿಕೊಂಡ ಸದ್ದೇ ಇಂದು ಸಾಕ್ಷಿ!

ಇನ್ನು ತೊಳೆಯುವ ವಿಷಯ. ಈ ಹಾಡುಗಳನ್ನು 2007ರಲ್ಲಿ ಟೆಸ್ಟಮೆಂಟ್ ಸಂಸ್ಥೆಗಾಗಿ ರೋಜರ್ ಬಿಯರ್ಡ್ಸ್‌ಲಿ, 2014ರಲ್ಲಿ ಪ್ರಿಸ್ಟೀನ್ ಆಡಿಯೋಗಾಗಿ ಆಂಡ್ರ್ಯೂ ರೋಸ್ ಬೇರೆ ಬೇರೆಯಾಗಿ ದುರಸ್ತಿ ಮಾಡಿದರು. ಹಳೇ ಎಲ್‌ಪಿ ಕೇಳಿದವರಿಗೆ ಎರಡೂ ಪವಾಡವೇ. ಆದರೆ ಬಟ್ಟೆಯ ಕೊಳೆಯ ಜೊತೆ ಬಣ್ಣವೂ ಹೋಗುತ್ತದೆ ಎಂಬುದು ನಮ್ಮ ಅಮ್ಮಂದಿರಿಗೆ ಗೊತ್ತಿದ್ದ ಸತ್ಯ. ಚರಚರ ಎಂಬುದು ಮೇಲಿನ ಸ್ವರಗಳಿರುವ ಜಾಗದಲ್ಲೇ ಕೂತಿರುತ್ತದೆ. ಅದನ್ನು ಅತಿಯಾಗಿ ಒರೆಸಿದರೆ ಪಿಟೀಲಿನ ಕಮಾನು ತಂತಿಯನ್ನು ಮುಟ್ಟುವ ಸದ್ದು ಹೋಗುತ್ತದೆ. 'ಸ', 'ತ್ಸ' ಎಂಬ ವ್ಯಂಜನಗಳು ಹೋಗುತ್ತವೆ. ಕೊನೆಗೆ ಸಭಾಂಗಣದ ಗಾಳಿಯೇ ಹೋಗಿ, ನೀರಿನ ತೊಟ್ಟಿಯೊಳಗೆ ಕೂತು ಹಾಡಿದಂತಾಗುತ್ತದೆ. ನಾವು ಸಭೆಯಲ್ಲಿ ಒಂದೇ ಹಾಡಿನ ತುಣುಕನ್ನು ಗಣಕದಲ್ಲಿ ಎರಡು ರೀತಿ ಕೇಳಿಸಿದೆವು. ಒಮ್ಮೆ ಇದ್ದಂತೆಯೇ, ಒಮ್ಮೆ ಚರಚರವನ್ನೆಲ್ಲ ನಾವೇ ಬಿಗಿಯಾಗಿ ತೆಗೆದು. ಮೊದಲ ಸಲಕ್ಕೆ ಎರಡನೆಯದೇ ಎಲ್ಲರಿಗೂ ಇಷ್ಟವಾಯಿತು. ಮೂರನೆಯ ಸಲ ಕೇಳುವ ಹೊತ್ತಿಗೆ ಹೆಚ್ಚು ಜನ ಚರಚರದ ಕಡೆಗೇ ವಾಲಿದರು. ಕಿವಿಗೆ ಸದ್ದನ್ನು ಬೇರ್ಪಡಿಸುವ ವಿದ್ಯೆ ಇದೆ, ಅದಕ್ಕೆ ಐದು ನಿಮಿಷ ಕೊಡಬೇಕು ಅಷ್ಟೆ.

ಈ ವಿದ್ಯೆ ಗಲ್ಫಿನ ಹಳಬರಿಗೆ ಯಾರೂ ಕಲಿಸಬೇಕಿಲ್ಲ. ಫೋನು ದುಬಾರಿಯಾಗಿದ್ದ ಎಪ್ಪತ್ತು, ಎಂಬತ್ತರ ದಶಕದಲ್ಲಿ ಊರಿಂದ ಬರುತ್ತಿದ್ದದ್ದು ಕ್ಯಾಸೆಟ್ಟಿನ ಕಾಗದ. ಊರಿಂದ ಬರುವ ಯಾರದೋ ಪೆಟ್ಟಿಗೆಯಲ್ಲಿ ಅಮ್ಮನ ದನಿ ಬರುತ್ತಿತ್ತು, ಹಿಂದೆ ಕೋಳಿ ಕೂಗು, ಮಳೆ, ಟೇಪಿನ ಸುಯ್ಯೆಂಬ ಸದ್ದು. ಮಂಗಳೂರು, ಉಡುಪಿ, ಕಾಸರಗೋಡಿನವರ ಕೋಣೆಗಳಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳು ಪ್ರತಿಯ ಪ್ರತಿಯ ಪ್ರತಿಯಾಗಿ ತಿರುಗುತ್ತಿದ್ದವು. ನಾಲ್ಕನೆಯ ಪ್ರತಿಯಲ್ಲಿ ಚೆಂಡೆ ತಗಡಿನ ಡಬ್ಬದಂತೆ ಕೇಳುತ್ತಿತ್ತು. ಆದರೂ ಅರ್ಥಧಾರಿ ಎಲ್ಲಿ ಸೋತ, ಎಲ್ಲಿ ಎದುರಾಳಿಯನ್ನು ಕಟ್ಟಿಹಾಕಿದ ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಚೆಂಡೆಯ ನಾದದ ಬಗ್ಗೆ ಮಾತ್ರ ಯಾರೂ ತೀರ್ಪು ಕೊಡುತ್ತಿರಲಿಲ್ಲ. ನಮಗೆ ಬೇಕಾದ ನ್ಯಾಯ ಇದೇ.

ಹಾಗಾದರೆ ಸವೆದ ಪ್ಲೇಟು ಏನನ್ನು ಉಳಿಸಿಕೊಡುತ್ತದೆ? ಉಸಿರು. ಫ್ಲಾಗ್‌ಸ್ಟಾಡ್ ಒಂದು ಸಾಲನ್ನು ಎಲ್ಲಿ ಮುರಿದು ಉಸಿರೆಳೆಯುತ್ತಾರೆ, ಎಲ್ಲಿ ಮುರಿಯದೆ ದಾಟುತ್ತಾರೆ ಎಂಬುದು ಎಷ್ಟು ಚರಚರವಿದ್ದರೂ ಸ್ಪಷ್ಟ. ನಡೆ ಉಳಿಯುತ್ತದೆ; ವೇಗ ತಿದ್ದಿದ ಮೇಲೆ, ಒಂದು ಹಾಡಿನೊಳಗೆ ಎಲ್ಲಿ ಎಳೆದರು, ಎಲ್ಲಿ ಬಿಟ್ಟರು ಎಂಬುದು ಉಳಿಯುತ್ತದೆ. ಶ್ರುತಿಶುದ್ಧಿ ಉಳಿಯುತ್ತದೆ. ಉಳಿಯದೆ ಹೋಗುವುದು ನಾದದ ಬಣ್ಣ, ಮೆಲುದನಿಗೂ ಮೇಲ್ದನಿಗೂ ಇರುವ ದೂರ, ವಾದ್ಯಗಳ ಸಮತೂಕ. 'ಸಂಜೆಗೆಂಪಿನಲ್ಲಿ' ಎಂಬ ಕೊನೆಯ ಹಾಡಿನಲ್ಲಿ ಎರಡು ಬಾನಾಡಿಗಳು ಕತ್ತಲಿಗೆ ಏರುವುದನ್ನು ಸ್ಟ್ರಾಸ್ ಕೊಳಲುಗಳ ಕಂಪಿತದಲ್ಲಿ ಬರೆದಿದ್ದಾರೆ. ಸವೆತಕ್ಕೆ ಮೊದಲು ಬಲಿಯಾಗುವುದು ಅಂಥದ್ದೇ. ಹೊಸ ಸ್ಟೀರಿಯೋ ಮುದ್ರಣದಲ್ಲಿ ಅವು ಕೈಗೆ ಸಿಗುವಷ್ಟು ಹತ್ತಿರ. ಇಲ್ಲಿ ಅವು ಇವೆ ಎಂದು ಗೊತ್ತಿದ್ದವರಿಗೆ ಮಾತ್ರ ಕೇಳುತ್ತವೆ. ಆದ್ದರಿಂದ ನಮ್ಮ ಸಲಹೆ: ಈ ಹಾಡುಗಳನ್ನು ಮೊದಲ ಬಾರಿಗೆ ಕೇಳುವವರು ಇದನ್ನು ಹಾಕಿಕೊಳ್ಳಬೇಡಿ. ಎಲಿಸಬೆತ್ ಶ್ವಾರ್ಟ್ಸ್‌ಕಾಫ್ 1953ರಲ್ಲಿ ಇದೇ ಫಿಲ್‌ಹಾರ್ಮೋನಿಯಾದ ಜೊತೆ ಆಟೋ ಆಕರ್‌ಮನ್ ನಿರ್ದೇಶನದಲ್ಲಿ ಸ್ಟುಡಿಯೋದಲ್ಲಿ ಹಾಡಿದ್ದಾರೆ, 1965ರಲ್ಲಿ ಜಾರ್ಜ್ ಸೆಲ್ ಜೊತೆ ಸ್ಟೀರಿಯೋದಲ್ಲಿ ಮತ್ತೆ ಹಾಡಿದ್ದಾರೆ. ಅವನ್ನು ಕೇಳಿ ಹಾಡುಗಳ ಗುರುತು ಮಾಡಿಕೊಂಡು ಆಮೇಲೆ ಇಲ್ಲಿಗೆ ಬನ್ನಿ. ಒಂದು ವ್ಯತ್ಯಾಸ ಆಗಲೇ ತಟ್ಟುತ್ತದೆ. ಈಗ 'ವಸಂತ'ದಿಂದ ಶುರುಮಾಡುವುದು ವಾಡಿಕೆ. ಆ ಸಂಜೆ ಶುರುವಾದದ್ದು 'ಮಲಗುವ ಹೊತ್ತಿಗೆ' ಎಂಬ ಹಾಡಿನಿಂದ; ಆಮೇಲೆ 'ಸೆಪ್ಟೆಂಬರ್', ಆಮೇಲೆ 'ವಸಂತ', ಕೊನೆಗೆ 'ಸಂಜೆಗೆಂಪಿನಲ್ಲಿ'. ವಸಂತ ಮೂರನೆಯದಾಗಿ ಬಂದಾಗ ಅದು ವಸಂತವಲ್ಲ, ವಸಂತದ ನೆನಪು. ಇದನ್ನು ತಿಳಿಯಲು ಒಳ್ಳೆಯ ಸದ್ದು ಬೇಕಿಲ್ಲ.

ಸ್ಟುಡಿಯೋ ಎಂದಾಗ ಒಂದು ಕಥೆ ಹೇಳದೆ ಇರಲಾಗದು. 1952ರ ಜೂನ್‌ನಲ್ಲಿ ಇದೇ ಫ್ಲಾಗ್‌ಸ್ಟಾಡ್, ಇದೇ ಫುರ್ಟ್‌ವೆಂಗ್ಲರ್, ಇದೇ ವಾದ್ಯವೃಂದ, ಇದೇ ಲೆಗ್ ಸೇರಿ ವಾಗ್ನರನ 'ತ್ರಿಸ್ತಾನ್ ಮತ್ತು ಇಸೋಲ್ಡೆ' ಗೀತನಾಟಕವನ್ನು ಪೂರ್ತಿ ಮುದ್ರಿಸಿದರು. ಟೇಪಿನ ಮೇಲೆ, ಶುದ್ಧ ಸದ್ದಿನಲ್ಲಿ. ಇವತ್ತಿಗೂ ಅದು ಆ ಶತಮಾನದ ದೊಡ್ಡ ಮುದ್ರಣಗಳಲ್ಲೊಂದು. ಆದರೆ ಅದರಲ್ಲಿ ಇಸೋಲ್ಡೆಯ ತೀರಾ ಮೇಲಿನ ಎರಡು ಸ್ವರಗಳು ಫ್ಲಾಗ್‌ಸ್ಟಾಡ್‌ರವಲ್ಲ! ವಯಸ್ಸಿಗೆ ಎಟುಕದ ಆ ತಾರಷಡ್ಜಗಳನ್ನು ಪಕ್ಕದಲ್ಲಿ ನಿಂತು ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟರು. ಗುಟ್ಟು ಹೊರಬಿದ್ದಾಗ ಫ್ಲಾಗ್‌ಸ್ಟಾಡ್ ಬಹಳ ನೊಂದರು. 1950ರ ಚರಚರ ಪ್ಲೇಟಿನಲ್ಲಿ ಇರುವುದು ಮಾತ್ರ ಪೂರ್ತಿ ಅವರೇ. ಎಟುಕಿದ್ದೂ ಅವರದು, ಎಟುಕದ್ದೂ ಅವರದು.

ನಮ್ಮ ಕಡೆಯಿಂದಲೂ ಒಂದು ಮಾತು. ಗಂಗೂಬಾಯಿ ಹಾನಗಲ್ಲರ ಗಂಡುದನಿಯ ಗಾಂಭೀರ್ಯವಷ್ಟೇ ಗೊತ್ತಿರುವವರು ಮೂವತ್ತರ ದಶಕದಲ್ಲಿ ಎಚ್‌ಎಂವಿ 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ ತಂದ ಅವರ ಮೂರು ನಿಮಿಷದ ಪ್ಲೇಟುಗಳನ್ನು ಕೇಳಬೇಕು. ಗಂಟಲಿನ ಚಿಕಿತ್ಸೆಯ ನಂತರ ಬದಲಾಗುವ ಮುಂಚಿನ ತೆಳುವಾದ, ಎತ್ತರದ ದನಿ ಅಲ್ಲಿದ್ದಂತೆ ಬೇರೆಲ್ಲೂ ಇಲ್ಲ. ಸದ್ದು ಕೆಟ್ಟದಾಗಿದೆಯೆಂದು ಆ ಪ್ಲೇಟುಗಳನ್ನು ಗುಜರಿಗೆ ಹಾಕಿದ್ದರೆ ಆ ದನಿಯೇ ಇದ್ದಿಲ್ಲವಾಗುತ್ತಿತ್ತು.

ಜಗಳ ಮುಗಿಯಿತೇ ಎಂದು ಕೇಳಬೇಡಿ. ಲಾಠಿ ಏಟಿನ ಹಿರಿಯರು ಸಭೆಯ ಕೊನೆಗೆ ಹೊರಡುವಾಗ ಬಾಗಿಲ ಬಳಿ ನಿಂತು, "ಆ ಕೊನೇ ಹಾಡು ಇನ್ನೊಂದು ಸಲ ಹಾಕಿ" ಎಂದರು. ಹಾಕಿದೆವು. ಚಪ್ಪಲಿ ಮೆಟ್ಟಿಕೊಂಡೇ ನಿಂತು ಪೂರ್ತಿ ಕೇಳಿದರು. ಕೊಳಲು ಬರುವ ಜಾಗ ಬಂದಾಗ ನಾವು ಕೈ ತೋರಿಸಿದೆವು. "ಎಲ್ಲಿ? ನಂಗೇನೂ ಕೇಳಿಸ್ತಿಲ್ಲ" ಎಂದರು. ಆದರೂ ಮುಂದಿನ ಸಭೆಗೆ ಮೆಡ್ನರನ ಮೂರನೆಯ ಕಾನ್ಸರ್ಟೋ ಹಾಕಿ ಎಂದು ಕೇಳಿದವರೂ ಅವರೇ. ಅದು ಸ್ಟುಡಿಯೋದಲ್ಲಿ ಮುದ್ರಿಸಿದ್ದು, ಚರಚರ ಕಡಿಮೆ, ಅರ್ಪಣೆ ಮಹಾರಾಜರಿಗೆ. ಕವಿತೆ ಓದುವವರು ಈ ಸಲ ಶಾರ್ಜಾದಿಂದ ಒಂದು ಗಂಟೆ ಮುಂಚೆಯೇ ಹೊರಡುವುದಾಗಿ ಮಾತು ಕೊಟ್ಟಿದ್ದಾರೆ. ಚಕ್ಕುಲಿ ತರುವವರು ದಯವಿಟ್ಟು ಎರಡು ಡಬ್ಬ ತನ್ನಿ.